ಯಾರ ಬಟ್ಟಲು ಹೆಚ್ಚು ಕಪ್ಪು

ಮಾರ್ಚ್ 3, ಮಂಗಳವಾರ

ಹೋಗಲಿ, ಬಾಟಲಿಯಿಂದ ಮಾಡಿದ್ದು ಎನ್ನುವುದಕ್ಕೆ ನನಗೆ ಬೇಜಾರಿಲ್ಲ. ಬೇಜಾರಾದದ್ದು ಆ ಹೃದಯಕ್ಕೆ. ನಮ್ಮ ಮೀನು ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಡಾಕ್ಟ್ರು ಎರಡು ವರ್ಷದಲ್ಲಿ ನನ್ನ ಯಾವ ಫೋಟೋಗೂ ಹೆಬ್ಬೆರಳು ಬಿಟ್ಟು ಬೇರೇನೂ ಒತ್ತಿದವರಲ್ಲ. ಇವತ್ತು ಅತ್ತಿಗೆಯವರ ಬಾಟಲಿಗೆ ಕೆಂಪು ಹೃದಯ. ಅದರ ಕೆಳಗೆ, “ತಲೆ ಓಡಿಸೋದು ಅಂದ್ರೆ ಇದು ನೋಡಿ.” ಹಾಗಾದರೆ ಇಷ್ಟು ದಿನ ನಾವೆಲ್ಲ ಓಡಿಸಿದ್ದು ಏನು, ಸೈಕಲ್ಲಾ?

ನಮ್ಮ ಗುಂಪಿನಲ್ಲಿ ನೂರಾ ಹನ್ನೊಂದು ಜನ. ಎಲ್ಲರ ಮನೆಯಲ್ಲೂ ಉಪ್ಪು ನೀರಿನ ತೊಟ್ಟಿ, ಅದರಲ್ಲಿ ಸಮುದ್ರದ ಮೀನು. ನಡೆಸುವವರು ಹಲ್ಲಿನ ಡಾಕ್ಟ್ರು. ಅವರ ಕ್ಲಿನಿಕ್ಕಿನಲ್ಲಿ, ಜನ ಕಾಯುವ ಕೋಣೆಯಲ್ಲಿ, ಎಂಟಡಿಯ ತೊಟ್ಟಿಯಿದೆ. ದವಡೆಹಲ್ಲು ತೋರಿಸಲು ಹೋದವಳು ಅದನ್ನು ನೋಡಿ ನೋವನ್ನೇ ಮರೆತಿದ್ದೆ. ನನ್ನ ಸರದಿ ಮೂರು ಸಲ ಬಂದರೂ ಪಕ್ಕದವರನ್ನು ಕಳಿಸಿ ಕೂತೇ ಇದ್ದೆ. ಅವತ್ತಿನಿಂದ ಈ ಗುಂಪೇ ನನ್ನ ಕಾಲೇಜು. ಹಳೆಯ ಸಂದೇಶಗಳನ್ನೆಲ್ಲ ಮೊದಲಿನಿಂದ ಓದಿ ಮುಗಿಸಿದವಳು ನಾನೊಬ್ಬಳೇ.

ಅತ್ತಿಗೆಯವರು ನಾಲ್ಕು ತಿಂಗಳ ಹಿಂದೆ ಅಣ್ಣನನ್ನು ಮದುವೆಯಾಗಿ ಬಂದವರು. ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ನಡೆಸುವ ಕೆಲಸ. ಬಂದ ವಾರವೇ ನನ್ನ ತೊಟ್ಟಿಯ ಮುಂದೆ ನಿಂತು, ಕೆಳಗಡೆ ಏನೋ ಗುಂಯ್ ಅನ್ನುತ್ತಿದೆಯಲ್ಲ ಎಂದು ಕೇಳಿದರು. ನಾನೇ, ನನ್ನ ಬಾಯಿಂದಲೇ, ಒಂದು ಗಂಟೆ ಪಾಠ ಮಾಡಿದೆ. ಮೀನಿನ ಹೊಲಸು, ತಿಂದು ಉಳಿದದ್ದು ಎಲ್ಲ ಜಿಡ್ಡಾಗಿ ನೀರಲ್ಲಿ ಸೇರಿರುತ್ತದೆ. ಕೆಳಗಿರುವ ಯಂತ್ರ, ಸ್ಕಿಮ್ಮರ್, ಸಣ್ಣ ಸಣ್ಣ ಗುಳ್ಳೆ ಬಿಡುತ್ತದೆ. ಜಿಡ್ಡು ಗುಳ್ಳೆಗೆ ಅಂಟಿ, ನೊರೆಯಾಗಿ ಮೇಲೇರಿ, ತುದಿಯ ಬಟ್ಟಲಿಗೆ ಬೀಳುತ್ತದೆ. ಬಟ್ಟಲು ತೊಳೆದರೆ ಆಯಿತು. “ಓ, ನಮ್ಮ ಮಷಿನ್ ಥರಾನೇ” ಎಂದರು. ತಿಂಗಳು ಕಳೆಯುವುದರೊಳಗೆ ಹಜಾರದ ಇನ್ನೊಂದು ಮೂಲೆಯಲ್ಲಿ ಅವರದ್ದೂ ಒಂದು ತೊಟ್ಟಿ. ಗುಂಪಿಗೆ ಸೇರಿಸಿದವಳೂ ನಾನೇ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ.

ನನ್ನದು ಕಂಪನಿ ಸ್ಕಿಮ್ಮರ್. ಒಳಗೆ ಮುಳ್ಳುಚಕ್ರದ ಪಂಪು, ಗಾಳಿಯನ್ನು ಕಡೆದು ಹಾಲಿನಂಥ ನೊರೆ ಮಾಡುತ್ತದೆ. ಅದಕ್ಕೋಸ್ಕರ ಒಂದು ವರ್ಷ ಹೊಸ ಬಟ್ಟೆ ಮುಟ್ಟಿರಲಿಲ್ಲ. ಅವರದ್ದು ಎರಡು ಲೀಟರಿನ ಬಾಟಲಿಗಳನ್ನು ಒಂದರ ಮೇಲೊಂದು ಅಂಟಿಸಿ, ಅಡಿಯಲ್ಲಿ ಮರದ ತುಂಡು ಸಿಕ್ಕಿಸಿದ್ದು. ಮರದ ಎಳೆಗಳ ನಡುವಿನಿಂದ ಗಾಳಿ ಊದಿದರೆ ಗುಳ್ಳೆ ತೀರಾ ಸಣ್ಣದಾಗುತ್ತದಂತೆ. ಕತ್ತರಿಸಿ, ಅಂಟಿಸಿ, ಕೂರಿಸಿ ಕೊಟ್ಟವನು ಅಣ್ಣ. ನನ್ನ ತೊಟ್ಟಿಯ ಸ್ಟ್ಯಾಂಡು ವಾಲಿ ಒಂದೂವರೆ ವರ್ಷವಾಯಿತು, ರಟ್ಟು ತುರುಕಿ ನಿಲ್ಲಿಸಿದ್ದೇನೆ. ಅದಕ್ಕೆ ಇನ್ನೂ ಅವನ “ಭಾನುವಾರ” ಬಂದಿಲ್ಲ.

ಗುಂಪಿನ ಲಿಫ್ಟ್ ಮಾವ, ಲಿಫ್ಟ್ ರಿಪೇರಿ ಮಾಡುವವರು, ಎಲ್ಲರಿಗೂ ಅಡ್ಡಹೆಸರು ಇಡುವವರು, ಅತ್ತಿಗೆಯವರಿಗೆ ಆಗಲೇ “ಬಾಟ್ಲಿ ರಾಣಿ” ಎಂದು ಪಟ್ಟ ಕಟ್ಟಿದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ನನಗೆ ಎರಡು ವರ್ಷದಲ್ಲಿ ಸಿಕ್ಕಿದ್ದು “ಕನ್ನಡಕ”. ಬರೀ ಕನ್ನಡಕ.

ಮಾರ್ಚ್ 5, ಗುರುವಾರ

ಡಾಕ್ಟ್ರಿಗೆ ಭುಜ ನೋವಂತೆ, ಕ್ಲಿನಿಕ್ಕಿನ ತೊಟ್ಟಿ ನೋಡಿಕೊಳ್ಳಲು ಆಗುತ್ತಿಲ್ಲವಂತೆ. ಅದರ ಸ್ಕಿಮ್ಮರ್ ಕೂಡ ಕೆಟ್ಟು ಕೂತಿದೆ. ಹೊಸದಕ್ಕೆ ಕಂಪನಿಯದ್ದು ಒಳ್ಳೆಯದೋ, ಮರದ ಗಾಳಿಯದ್ದನ್ನೇ ದೊಡ್ಡದಾಗಿ ಮಾಡಿಸುವುದು ಒಳ್ಳೆಯದೋ ಎಂದು ಗುಂಪಿನಲ್ಲಿ ಎರಡು ದಿನ ಜಗಳ ನಡೆದಿತ್ತು. ಇವತ್ತು ಡಾಕ್ಟ್ರು ತೀರ್ಪು ಕೊಟ್ಟರು. “ಕನ್ನಡಕ ಮತ್ತು ಬಾಟ್ಲಿ ರಾಣಿ ಒಂದೇ ಮನೆಯವರು. ಒಂದೇ ನೀರು, ಒಂದೇ ಉಪ್ಪಿನ ಚೀಲ, ಎರಡೂವರೆ ಅಡಿಯ ಎರಡು ತೊಟ್ಟಿ, ಮೂರು ಮೂರು ಮೀನು. ಇದಕ್ಕಿಂತ ಒಳ್ಳೆ ಹೋಲಿಕೆ ಎಲ್ಲಿ ಸಿಗುತ್ತೆ? ಮೂರು ಭಾನುವಾರ ಬಟ್ಟಲಿನ ಫೋಟೋ ಹಾಕಿ. ದಿನಕ್ಕೆ ಒಂದೇ ಚಿಟಿಕೆ ಆಹಾರ, ಇಬ್ಬರೂ.”

ಗೆದ್ದವರ ಮಾದರಿಯೇ ಕ್ಲಿನಿಕ್ಕಿಗೆ. ಗೆದ್ದವರಿಗೇ ಕ್ಲಿನಿಕ್ಕಿನ ಹಿಂದಿನ ಬಾಗಿಲಿನ ಕೀಲಿ. ವಾರಕ್ಕೆ ಎರಡು ದಿನ ಆ ತೊಟ್ಟಿಗೆ ಕೈ ಹಾಕುವ ಹಕ್ಕು.

ಎಂಟಡಿ. ಆ ಹವಳದ ಗುಡ್ಡ. ನನ್ನ ಕೈ.

ಅತ್ತಿಗೆಯವರು ಊಟ ಬಡಿಸುತ್ತಾ, “ಮಜಾ ಇರುತ್ತೆ ಅಲ್ವಾ?” ಎಂದರು. ನಾನು ಹೂಂ ಎಂದೆ. ಅಮ್ಮ ಮಾತ್ರ ತನ್ನ ಮಾಮೂಲಿ ರಾಗ ತೆಗೆದರು: “ಮನೇಲಿ ಎರಡು ಸಮುದ್ರ ಇದೆ. ಕುಡಿಯೋಕೆ ಒಂದು ಲೋಟ ನೀರು ಬೇಕಂದ್ರೆ ಬಕೆಟ್ ಬಕೆಟ್ ಮೂಸಿ ನೋಡ್ಬೇಕು.”

ಮಾರ್ಚ್ 8, ಭಾನುವಾರ

ಮೊದಲ ಫೋಟೋ. ಅವರ ಬಟ್ಟಲಲ್ಲಿ ಎರಡು ಬೆರಳು, ತಿಳಿ ಚಹಾದ ಬಣ್ಣ. ನನ್ನದರಲ್ಲಿ ಒಂದೂವರೆ ಬೆರಳು, ಅದೇ ಬಣ್ಣ. ಒಂದು ವರ್ಷದ ಹೊಸ ಬಟ್ಟೆ ಬಿಟ್ಟು ತಂದದ್ದು, ಎರಡು ಖಾಲಿ ಬಾಟಲಿಯ ಮುಂದೆ ಅರ್ಧ ಬೆರಳು ಕಮ್ಮಿ.

ಲಿಫ್ಟ್ ಮಾವ ಬರೆದರು: “ಕನ್ನಡಕಾ, ನಿನ್ನ ಸ್ಕಿಮ್ಮರ್ ಉಪವಾಸ ಕೂತಿದೆಯೇನಮ್ಮಾ?” ಅದಕ್ಕೆ ಮೂವತ್ತೆರಡು ನಗು. ಎಣಿಸಿದೆ. ಒಂದು ಡಾಕ್ಟ್ರದ್ದು.

ಮಾರ್ಚ್ 9, ಸೋಮವಾರ

ಉಪವಾಸ ಎಂದರಲ್ಲ. ಅದಕ್ಕೆ ಇವತ್ತು ಎರಡು ಚಿಟಿಕೆ ಹಾಕಿದೆ.

ಇದು ಮೋಸವಲ್ಲ. ನನ್ನ ಚಿಟಿಕೆಯೇ ಸಣ್ಣದು. ಅತ್ತಿಗೆಯವರ ಬೆರಳು ಉದ್ದ, ಅವರ ಒಂದು ಚಿಟಿಕೆ ನನ್ನ ಒಂದೂವರೆಗೆ ಸಮ. ಡಾಕ್ಟ್ರು ಚಿಟಿಕೆ ಎಂದರೇ ಹೊರತು ಯಾರ ಬೆರಳಿನದ್ದು ಎಂದು ಹೇಳಲಿಲ್ಲ. ನಾನು ಸರಿಮಾಡಿಕೊಂಡೆ, ಅಷ್ಟೇ.

ಮಾರ್ಚ್ 12, ಗುರುವಾರ

ಬಟ್ಟಲು: ಎರಡೂವರೆ ಬೆರಳು. ಬಣ್ಣ: ಗಟ್ಟಿ ಚಹಾ. ಆಹಾ.

ಮಾರ್ಚ್ 15, ಭಾನುವಾರ

ಗೆದ್ದೆ. ಈ ವಾರದ್ದು ಗೆದ್ದೆ. ನನ್ನದು ಮೂರು ಬೆರಳು, ಹಾಲು ಹಾಕದ ಕಪ್ಪು ಕಾಫಿ. ಅವರದ್ದು ಮತ್ತೆ ಅದೇ ತಿಳಿ ಚಹಾ, ಎರಡು ಬೆರಳೂ ಇಲ್ಲ. ಲಿಫ್ಟ್ ಮಾವ, “ಕನ್ನಡಕ ಕಣ್ಣು ಬಿಡ್ತು” ಎಂದು ಬರೆದರು. ಡಾಕ್ಟ್ರು ಬರೆದದ್ದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ: “ಭಲೇ. ನೊರೆ ಅಂದ್ರೆ ಹೀಗೆ ಒಣಗಿ, ಕಪ್ಪಾಗಿ ಬರ್ಬೇಕು.” ಮತ್ತು ಹೃದಯ. ನನಗೂ ಹೃದಯ.

ಅತ್ತಿಗೆಯವರು ನನ್ನ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮನೆಯಲ್ಲಿ ಹೊಲಸಿನ ಬಟ್ಟಲನ್ನು ಯಾರಾದರೂ ಆಸೆಯಿಂದ ನೋಡಿದರೆ ಇಷ್ಟು ಖುಷಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 17, ಮಂಗಳವಾರ

ಬೆಳಿಗ್ಗೆ ಅಣ್ಣ ಹಿತ್ತಲಲ್ಲಿ ಉಪ್ಪು ಕಲಸುತ್ತಿದ್ದ. ಇಪ್ಪತ್ತು ಲೀಟರಿನ ಎರಡು ಡ್ರಮ್ಮು, ಉದ್ದನೆಯ ಕೋಲು, ತೋಳು ಮಡಚಿಕೊಂಡು. ಹೆಂಡತಿಗೆ.

ಮೊದಲು ಆ ಕೋಲು ನನ್ನ ಡ್ರಮ್ಮಿನಲ್ಲಿರುತ್ತಿತ್ತು. ಡೆಲಿವರಿ ವ್ಯಾನಿನ ಕೆಲಸಕ್ಕೆ ಹೊರಡುವ ಮುಂಚೆ ಅವನು ಕಲಸುತ್ತಿದ್ದ, ನಾನು ಪಕ್ಕ ಕೂತು ಉಪ್ಪಿನ ಮೀಟರಿನಲ್ಲಿ ಓದಿ ಹೇಳುತ್ತಿದ್ದೆ. “ಸಾಕಾ ಮಹಾರಾಣಿ?” ಎನ್ನುತ್ತಿದ್ದ. “ಇನ್ನೊಂದು ಮುಷ್ಟಿ, ಸೇವಕಾ” ಎನ್ನುತ್ತಿದ್ದೆ. ಈಗ ರಾಣಿ ಯಾರೆಂದು ಇಡೀ ಗುಂಪಿಗೇ ಗೊತ್ತು.

ನಾನು ಹಲ್ಲುಜ್ಜುತ್ತಾ ನಿಂತಿದ್ದೆ. ನನ್ನನ್ನು ನೋಡಿ, “ನಿಂದೂ ಕಲಸ್ಕೊಡ್ಲೇನೇ?” ಎಂದ. ಬೇಡ, ಕಲಸಿದ್ದು ಇನ್ನೂ ಇದೆ ಎಂದೆ. ಇರಲಿಲ್ಲ. ಎರಡು ವಾರದಿಂದ ನೀರು ಬದಲಾಯಿಸಿಲ್ಲ. ಬದಲಾಯಿಸಿದರೆ ನೀರು ತಿಳಿಯಾಗುತ್ತದೆ, ತಿಳಿಯಾದರೆ ಬಟ್ಟಲು ಬೆಳ್ಳಗಾಗುತ್ತದೆ. ಇನ್ನೊಂದು ಭಾನುವಾರ ಕಳೆಯಲಿ.

ಅವನು ನನ್ನ ಮಾತು ನಂಬಿಬಿಟ್ಟ. ಇನ್ನೊಂದು ಸಲ ಕೇಳಬಹುದಿತ್ತು.

ಸಂಜೆ ಅತ್ತಿಗೆಯವರ ತೊಟ್ಟಿಯ ಮುಂದೆ ಒಬ್ಬಳೇ ನಿಂತಿದ್ದೆ. ಕೈಗೆ ಆಗಷ್ಟೇ ಕ್ರೀಮು ಹಚ್ಚಿದ್ದೆ; ಗಾಜು ಉಜ್ಜಿ ಉಜ್ಜಿ ಬೆರಳು ಒಡೆಯುತ್ತದೆ. ಒಂದು ಬೆರಳು ನೀರಿಗೆ ಅದ್ದಿದರೆ ಸಾಕು, ಕ್ರೀಮಿನ ಎಣ್ಣೆಗೆ ಅವರ ನೊರೆ ಎರಡು ದಿನ ಮೇಲೇಳುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಅವರ ಸಣ್ಣ ನೀಲಿ ಮೀನು ಗಾಜಿನ ಹತ್ತಿರ ಬಂದು ನನ್ನ ಬೆರಳನ್ನೇ ನೋಡಿತು. ಊಟ ಬಂತೆಂದುಕೊಂಡಿತೋ ಏನೋ. ಕೈ ಹಿಂದಕ್ಕೆ ತೆಗೆದುಕೊಂಡೆ. ಬೇರೆಯವರ ಮೀನಿಗೆ ತೊಂದರೆ ಕೊಡುವಷ್ಟು ಕೆಟ್ಟವಳಲ್ಲ ನಾನು.

ಮಾರ್ಚ್ 20, ಶುಕ್ರವಾರ

ಮೂರು ಚಿಟಿಕೆ, ಜೊತೆಗೆ ಒಂದು ತುಂಡು ಸೀಗಡಿ. ಗಾಜಿನ ಮೇಲೆ ಕಂದು ಪಾಚಿ, ದಿನಾ ಉಜ್ಜಿದರೂ ಮತ್ತೆ ಬರುತ್ತಿದೆ. ಹವಳಗಳು ಮುದುಡಿವೆ. ನನ್ನ ಮೂರನೆಯ ಮೀನು, ಹಳದಿ ಗೋಬಿ, ಎರಡು ದಿನದಿಂದ ಬಿಲದಿಂದ ಹೊರಬಂದಿಲ್ಲ. ಅದು ಮೊದಲಿನಿಂದಲೂ ಸಂಕೋಚದ ಪ್ರಾಣಿ.

ಮಾರ್ಚ್ 22, ಭಾನುವಾರ

ಕೊನೆಯ ಫೋಟೋ. ನಾಲ್ಕು ಬೆರಳು. ಕಪ್ಪೆಂದರೆ ಕಪ್ಪು, ಬಟ್ಟಲು ಓರೆ ಮಾಡಿದರೆ ಡಾಂಬರಿನ ಹಾಗೆ ನಿಧಾನಕ್ಕೆ ಜಾರುತ್ತದೆ. ವಾಸನೆಗೆ ಅಮ್ಮ ಸೆರಗು ಮೂಗಿಗೆ ಹಿಡಿದು, “ನಿಮ್ಮಿಬ್ಬರಿಗೂ ಬೇರೆ ಬೇರೆ ಮನೆ ನೋಡ್ತೀನಿ ನಾನು. ಇಲ್ಲಾಂದ್ರೆ ನಂಗೊಂದು ನೋಡ್ಕೋತೀನಿ” ಎಂದರು.

ಗುಂಪಿನಲ್ಲಿ ಜಾತ್ರೆ. ಇದೇ ಸ್ಕಿಮ್ಮರ್ ಎಲ್ಲಿ ಸಿಗುತ್ತದೆ ಎಂದು ನನಗೆ ಬೇರೆಯಾಗಿ ಸಂದೇಶ ಕಳಿಸಿ ಕೇಳುವವರು ಬೇರೆ. ಒಬ್ಬೊಬ್ಬರಿಗೂ ಉತ್ತರಿಸಿದೆ. ದೊಡ್ಡವರಂತೆ ಬರೆದೆ.

ಅತ್ತಿಗೆಯವರು ಮಧ್ಯಾಹ್ನ ಸಹಜವಾಗಿ ಕೇಳಿದರು: “ಒಂದು ವಾರ ಅದಲು ಬದಲು ಮಾಡಿ ನೋಡೋಣ್ವಾ? ನಿಂದು ನನ್ನ ತೊಟ್ಟಿಗೆ, ನಂದು ನಿನ್ನದಕ್ಕೆ. ಆಗ ಪೂರ್ತಿ ಗೊತ್ತಾಗುತ್ತೆ.”

ಹೊಸ ನೀರಿಗೆ ಹೊಂದಿಕೊಳ್ಳಲು ಸ್ಕಿಮ್ಮರಿಗೆ ವಾರಗಟ್ಟಲೆ ಬೇಕು, ಅಷ್ಟೂ ಗೊತ್ತಿಲ್ಲವಾ ನಿಮಗೆ ಎಂದುಬಿಟ್ಟೆ. ಮುಖ ಸಣ್ಣದಾಯಿತು ಅವರದ್ದು. ಹೌದಾ, ಗೊತ್ತಿರಲಿಲ್ಲ ಎಂದರು. ನಾನು ಹೇಳಿದ್ದು ಅರ್ಧ ನಿಜ. ಅರ್ಧ ನಿಜ ಹೇಳಿದರೂ ಅವರು ಪೂರ್ತಿ ನಂಬುತ್ತಾರೆ, ಅದೇ ನನಗೆ ಆಗಿಬರುವುದಿಲ್ಲ.

ಮಾರ್ಚ್ 25, ಬುಧವಾರ

ಹನ್ನೊಂದು ಗಂಟೆಗೆ ಅಂಗಡಿಗೆ ಅಮ್ಮನ ಫೋನು. “ನಿನ್ನ ನೊರೆಡಬ್ಬ ವಾಂತಿ ಮಾಡ್ಕೊಂಡಿದೆ. ನೆಲವೆಲ್ಲ ಹರಿದಿದೆ. ಮೀನು ಬಾಯಿ ಬಾಯಿ ಬಿಡ್ತಿವೆ.”

ಅಂಗಡಿಯವರ ಮುಂದೆ ಏನು ಹೇಳಿದೆನೋ ಗೊತ್ತಿಲ್ಲ, ಬಂದುಬಿಟ್ಟೆ. ಅತ್ತಿಗೆ ರಾತ್ರಿ ಪಾಳಿ ಮುಗಿಸಿ ಆಗತಾನೇ ಬಂದಿದ್ದಳು. ಆಸ್ಪತ್ರೆಯ ಬಟ್ಟೆಯಲ್ಲೇ ಮಂಡಿಯೂರಿ, ಹಳೆ ಬೆಡ್‌ಶೀಟಿನಿಂದ ಕಪ್ಪು ನೊರೆ ಒರೆಸುತ್ತಿದ್ದಳು. ತೊಟ್ಟಿಯ ನೀರು ಮಂಜು ಕವಿದ ಹಾಗಿತ್ತು. ನನ್ನ ಎರಡು ಕಿತ್ತಳೆ ಮೀನು ಮೇಲ್ಮಟ್ಟದಲ್ಲಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಪರೀಕ್ಷೆ ಕಡ್ಡಿ ಅದ್ದಿದರೆ ಅಮೋನಿಯಾ ವಿಷದ ಬಣ್ಣ, ನಾನು ಜನ್ಮದಲ್ಲಿ ನೋಡದ ಹಸಿರು.

ನನ್ನ ಹತ್ತಿರ ಕಲಸಿದ ನೀರು ಒಂದು ಹನಿ ಇರಲಿಲ್ಲ. ಆಗ ಕಲಸಿ ಆಗಲೇ ಹಾಕುವಂತಿಲ್ಲ, ಒಂದು ದಿನವಾದರೂ ಬಿಡಬೇಕು. ನಾನು ಬಕೆಟ್ ಹಿಡಿದುಕೊಂಡು ಹಿತ್ತಲಿಗೂ ಹಜಾರಕ್ಕೂ ಓಡಾಡುತ್ತಿದ್ದೆ, ಯಾತಕ್ಕೆಂದು ನನಗೇ ಗೊತ್ತಿಲ್ಲದೆ.

“ನಂದು ಎರಡು ಡ್ರಮ್ ಇದೆ, ತಗೊಂಬಾ” ಎಂದಳು ಅತ್ತಿಗೆ. ಅವಳ ತೊಟ್ಟಿಗೆ ಇವತ್ತು ಹಾಕಬೇಕಾಗಿದ್ದ ನೀರು. ನಾನು ಡ್ರಮ್ಮು ಎತ್ತಿ ಸುರಿಯಲು ಹೋದರೆ ತಡೆದಳು. “ನಿಧಾನ. ಒಂದೇ ಸಲ ಬದಲಾಯಿಸಿದ್ರೆ ತಡ್ಕೊಳ್ಳಲ್ಲ ಅವು. ಒಂದು ಬಕೆಟ್ ತೆಗಿ, ಒಂದು ಬಕೆಟ್ ಹಾಕು, ಕಾಯಿ. ಮನುಷ್ಯರಿಗೂ ಹಾಗೇ ಮಾಡೋದು.”

ಹಾಗೇ ಮಾಡಿದೆವು, ಅರ್ಧ ಗಂಟೆಗೆ ಒಂದು ಬಕೆಟ್ಟು. ಮಧ್ಯೆ ಅವಳು ತನ್ನ ಬಾಟಲಿ ಸ್ಕಿಮ್ಮರನ್ನು ಕಿತ್ತು ತಂದು ನನ್ನ ತೊಟ್ಟಿಯ ಕೆಳಗಿನ ನೀರಿನ ಪೆಟ್ಟಿಗೆಯಲ್ಲೇ, ನನ್ನದರ ಪಕ್ಕದಲ್ಲಿ, ಕೂರಿಸಿದಳು. ಅವಳ ಮೀನಿಗೆ? ಎಂದೆ. ನಾಲ್ಕು ದಿನ ಏನೂ ಆಗಲ್ಲ ಬಿಡು ಎಂದಳು.

ಕಲ್ಲು ಎತ್ತಿದಾಗ ಗೋಬಿ ಸಿಕ್ಕಿತು. ಸತ್ತು ಮೂರ್ನಾಲ್ಕು ದಿನವಾಗಿರಬೇಕು. ಅದರ ಜೊತೆ ಬಿಲದಲ್ಲಿರುವ ಸೀಗಡಿಗೆ ಸರಿಯಾಗಿ ಕಣ್ಣು ಕಾಣಿಸುವುದಿಲ್ಲ. ಗೋಬಿ ಕಾವಲು ಕಾಯುತ್ತದೆ, ಸೀಗಡಿ ಬಿಲ ಗುಡಿಸುತ್ತದೆ. ಅದು ಇನ್ನೂ ಗುಡಿಸುತ್ತಲೇ ಇತ್ತು. ಬಾಗಿಲಲ್ಲಿ ಗೋಬಿಯ ಪಕ್ಕದಲ್ಲಿ ಮರಳನ್ನು ಒಟ್ಟುತ್ತಾ.

ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹೊರಗೆ ಬಂದಾಗ ಅತ್ತಿಗೆ ನನ್ನ ಆಹಾರದ ಡಬ್ಬಿ ಕೈಯಲ್ಲಿ ಹಿಡಿದಿದ್ದಳು. ಇಬ್ಬರೂ ಒಂದೇ ದಿನ ಒಂದೇ ಅಳತೆಯ ಡಬ್ಬಿ ಒಡೆದಿದ್ದೆವು. ಅವಳದ್ದು ಮುಕ್ಕಾಲು ಭಾಗ ಹಾಗೇ ಇದೆ. ನನ್ನದನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು, ತಳದಲ್ಲಿ ಒಂದಿಷ್ಟೇ ಸದ್ದು. ಮುಚ್ಚಳ ತಿರುಗಿಸಿ, ಇದ್ದ ಜಾಗದಲ್ಲಿ ಇಟ್ಟಳು.

ಮಾರ್ಚ್ 26, ಗುರುವಾರ

ಕಿತ್ತಳೆ ಎರಡೂ ಬದುಕಿವೆ.

ಎರಡು ಸ್ಕಿಮ್ಮರೂ ಒಂದೇ ನೀರಿನಲ್ಲಿ ಒಂದು ದಿನ ಓಡಿದವು. ಬೆಳಿಗ್ಗೆ ಬಟ್ಟಲುಗಳನ್ನು ಪಕ್ಕಪಕ್ಕ ಇಟ್ಟೆ. ನನ್ನದರಲ್ಲಿ ಮೂರು ಬೆರಳು, ಬಾಟಲಿಯದ್ದರಲ್ಲಿ ಮೂರಕ್ಕೆ ಒಂದು ಕೂದಲು ಕಮ್ಮಿ. ಬಣ್ಣದಲ್ಲಿ ಯಾವುದು ಯಾವುದೆಂದು ಡಾಕ್ಟ್ರಿಗೂ ಹೇಳಲಾಗುತ್ತಿರಲಿಲ್ಲ. ಮೂರು ವಾರ ತಿಳಿ ಚಹಾ ಕೊಟ್ಟ ಬಾಟಲಿ, ನನ್ನ ನೀರಿಗಿಟ್ಟ ಒಂದೇ ದಿನಕ್ಕೆ ಕಪ್ಪು ಕಾಫಿ.

ಅತ್ತಿಗೆ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಾ ನೋಡುತ್ತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಹೇಳಿದ್ದು ಬೇರೆ.

“ನಮ್ಮಲ್ಲಿ ಒಬ್ರು ತಾತ ಬರ್ತಾರೆ. ನೀರು ಜಾಸ್ತಿ ಕುಡೀಬೇಡಿ ಅಂದ್ರೂ ಎರಡು ದಿನ ಸಿಕ್ಕಾಪಟ್ಟೆ ಕುಡ್ಕೊಂಡು, ಮುಖ ಊದಿಸ್ಕೊಂಡು ಬರ್ತಾರೆ. ಮೂರು ಲೀಟರ್ ತೆಗೀತೀವಿ. ಪಕ್ಕದ ಬೆಡ್ಡಿನವರಿಗೆ ತೋರಿಸಿ, ‘ನನ್ನ ಮಷಿನ್ ನೋಡಿ, ನಿಮ್ಮದಕ್ಕಿಂತ ಹೆಂಗೆ ಎಳೆಯುತ್ತೆ’ ಅಂತಾರೆ.” ಲೋಟ ಕೆಳಗಿಟ್ಟಳು. “ಮಷಿನ್ ಎರಡೂ ಒಂದೇ ಕಣೇ.”

ಅಷ್ಟು ಹೇಳಿ ಮಲಗಲು ಹೋದಳು. ನಗುತ್ತಾ ಹೇಳಿದಳಾ, ಬೇಜಾರಲ್ಲಿ ಹೇಳಿದಳಾ, ಗೊತ್ತಾಗಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಒಳ್ಳೆಯತನದಲ್ಲೂ ಇವಳೇ ಮುಂದೆ ಹೋಗಬೇಕಾ?

ಮಾರ್ಚ್ 28, ಶನಿವಾರ

ಅಂಗಡಿಯಲ್ಲಿ ಬಿಡುವಿತ್ತು. ಬಾಟಲಿ ಸ್ಕಿಮ್ಮರಿನ ಮರದ ತುಂಡು ನನ್ನ ಕೊಳಕು ನೀರಿನಲ್ಲಿ ಉಬ್ಬಿ, ಗುಳ್ಳೆ ದಪ್ಪವಾಗುತ್ತಿತ್ತು. ಮರಗೆಲಸದವನಿಂದ ಚೂರು ಕೇಳಿ ತಂದು, ಗಾಜಿನ ಅಂಚು ಉಜ್ಜುವ ಚಕ್ರದ ಮೇಲೆ ಆರು ತುಂಡು ಅಳತೆಗೆ ಇಳಿಸಿದೆ. ಬಿಡುವಿತ್ತು, ಅದಕ್ಕೆ. ಮನೆಗೆ ತಂದು ಕೊಟ್ಟಾಗ ಅತ್ತಿಗೆ ಒಂದೊಂದನ್ನೂ ಕೆನ್ನೆಗೆ ಉಜ್ಜಿ, “ರೇಷ್ಮೆ ಥರ ಇದೆ” ಎಂದಳು. ಕಣ್ಣ ಕೆಳಗೆ ಕಪ್ಪಾಗಿದೆ ಅವಳಿಗೆ, ಮೂರು ದಿನದಿಂದ ಪಾಳಿ ಮುಗಿಸಿ ಬಂದು ನನ್ನ ಬಕೆಟ್ಟುಗಳ ಜೊತೆ ಕೂತಿದ್ದಾಳೆ. ನೀನು ಮೊದ್ಲು ಮಲ್ಕೋ ಹೋಗು, ಸಾಕು ಎಂದು ಗದರಿಸಿ ಕಳಿಸಿದೆ.

ಅಣ್ಣ ಇವತ್ತು ನನ್ನ ಸ್ಟ್ಯಾಂಡಿಗೆ ಅಡಿ ಹಾಕಿಕೊಟ್ಟ. ಯಾರು ಹೇಳಿದರೆಂದು ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ಹೊಟ್ಟೆ ಉರಿಯುತ್ತದೆ.

ಮಾರ್ಚ್ 29, ಭಾನುವಾರ

ಹನ್ನೆರಡು ಗಂಟೆಗೆ ಡಾಕ್ಟ್ರು ಫಲಿತಾಂಶ ಹಾಕಿದರು. ಕನ್ನಡಕ ಗೆದ್ದಳು. ಕ್ಲಿನಿಕ್ಕಿಗೆ ಅದೇ ಕಂಪನಿಯ ದೊಡ್ಡದನ್ನು ತರಿಸುತ್ತಾರಂತೆ, ಈ ವಾರವೇ ಆರ್ಡರ್ ಕೊಟ್ಟುಬಿಡುತ್ತಾರಂತೆ. ಮಂಗಳವಾರ ಬಂದು ಕೀಲಿ ತೆಗೆದುಕೊಳ್ಳಬೇಕು. ನನ್ನ ಮೂರು ಬಟ್ಟಲಿನ ಫೋಟೋಗಳನ್ನು ಗುಂಪಿನ ತಲೆಯ ಮೇಲೆ ಪಿನ್ ಮಾಡಿದ್ದಾರೆ.

ಎರಡು ವರ್ಷ ಕಾದ ಜಾಗ ಅದು. ಫೋನನ್ನು ಮಗುಚಿ ಇಟ್ಟೆ.

ಮೊದಲ ಚಪ್ಪಾಳೆ ಅತ್ತಿಗೆಯದ್ದು. ಐದು ಚಪ್ಪಾಳೆ, ಸಾಲಾಗಿ. ಲಿಫ್ಟ್ ಮಾವ, “ಬಾಟ್ಲಿ ರಾಣಿಗೆ ಬಾಟ್ಲಿ ಒಗೆಯೋ ಕಾಲ ಬಂತು” ಎಂದು ಬರೆದರು. ಅದಕ್ಕೆ ನನ್ನ ಬೆರಳು ತಾನಾಗಿ ಉತ್ತರ ಒತ್ತಿಬಿಟ್ಟಿತು: “ಮಾವಾ, ಆ ಬಾಟ್ಲಿ ಏನಂತ ನಿಮಗೆ ಗೊತ್ತಿಲ್ಲ. ಸುಮ್ನೆ ಮಾತಾಡ್ಬೇಡಿ.” ಆಮೇಲೆ ಓದಿಕೊಂಡರೆ ನನಗೇ ಆಶ್ಚರ್ಯ. ಅಳಿಸೋಣವೆಂದರೆ ಡಾಕ್ಟ್ರು ಆಗಲೇ ಹೆಬ್ಬೆರಳು ಒತ್ತಿದ್ದರು.

ಅತ್ತಿಗೆಯನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ, ಯಾಕೆ ಹೇಳಲಿಲ್ಲ ನೀನು ಎಂದು. ತಟ್ಟೆ ಒರೆಸುತ್ತಿದ್ದಳು.

“ನಾನು ಹೇಳಿದ್ರೆ ನಾನು ಗೆಲ್ತೀನಿ” ಎಂದಳು. “ಆಮೇಲೆ ದಿನಾ ಒಂದೇ ಹಜಾರದಲ್ಲಿ ಓಡಾಡ್ಬೇಕಲ್ಲ ಇಬ್ರೂ.”

ಮಾರ್ಚ್ 31, ಮಂಗಳವಾರ

ಕ್ಲಿನಿಕ್ಕಿಗೆ ಊಟದ ಹೊತ್ತಿಗೆ ಹೋದೆ, ರೋಗಿಗಳಿರುವುದಿಲ್ಲವೆಂದು. “ಬಾರಮ್ಮಾ ಕನ್ನಡಕ” ಎಂದು ಡಾಕ್ಟ್ರು ಹಿಂದಿನ ಕೋಣೆಯನ್ನೆಲ್ಲ ತೋರಿಸಿದರು. ಉಪ್ಪಿನ ಚೀಲ ಎಲ್ಲಿ, ಪಂಪಿನ ಸ್ವಿಚ್ಚು ಯಾವುದು, ಹೊಸ ಸ್ಕಿಮ್ಮರಿಗೆ ಬಿಟ್ಟ ಜಾಗ. ಕೀಲಿಯನ್ನು ಅಂಗೈ ಮೇಲಿಟ್ಟರು. ಆಮೇಲೆ ಹಲ್ಲಿಗೆ ಸಿಮೆಂಟು ತುಂಬುವ ಪುಟ್ಟ ಚಮಚ ಕೊಟ್ಟು, ಮೀನಿಗೆ ಆಹಾರ ಹಾಕು ಎಂದರು.

“ಇದ್ರಲ್ಲಿ ಒಂದೇ ಚಮಚ. ಜಾಸ್ತಿ ಹಾಕೋದು ಮೀನಿನ ಖುಷಿಗಲ್ಲ, ನಮ್ಮ ಖುಷಿಗೆ.”

ಏಣಿ ಹತ್ತಿ ಚಮಚ ಹಿಡಿದೆ. ಹನ್ನೆರಡು ವರ್ಷದ ನೇರಳೆ ಮೀನು, ನಾನು ಫೋಟೋದಲ್ಲಿ ಸಾವಿರ ಸಲ ನೋಡಿದ್ದು, ಸೀದಾ ನನ್ನ ಕೈಯ ಕೆಳಗೆ ಬಂದು ನಿಂತಿತು. ನನ್ನನ್ನು ನಂಬಿಕೊಂಡು. ಚಮಚ ಬಗ್ಗಿಸಲಾಗಲಿಲ್ಲ.

ಏಣಿಯ ಮೇಲೆ ನಿಂತುಕೊಂಡೇ ಎಲ್ಲ ಹೇಳಿದೆ. ಚಿಟಿಕೆ, ಸೀಗಡಿ ತುಂಡು, ನೀರು ಬದಲಾಯಿಸದ್ದು, ಅತ್ತಿಗೆಯ ಎರಡು ಡ್ರಮ್ಮು. ಡಾಕ್ಟ್ರು ರೋಗಿಗಳ ಬೆಂಚಿನ ಮೇಲೆ ಕೂತರು. ಭುಜ ನೀವಿಕೊಳ್ಳುತ್ತಾ, ಯಾವ ಮೀನು ಹೋಯಿತು ಎಂದು ಕೇಳಿದರು. 

“ಗೋಬಿ” ಎಂದೆ.

“ಹಳದಿದಾ?”

“ಹೂಂ.”

ಬೈಗುಳ ಬರುತ್ತದೆಂದು ಕಾಯುತ್ತಿದ್ದೆ. ಬರಲಿಲ್ಲ. “ನಿನ್ನ ಫೋಟೋ ನೋಡಿ ಆರು ಜನ ಆ ಸ್ಕಿಮ್ಮರ್ ತರಿಸ್ಕೊಳ್ತಿದಾರೆ. ಬಟ್ಟಲು ಅಷ್ಟು ಕಪ್ಪಾಗಿ ಬರ್ಲಿಲ್ಲಾಂದ್ರೆ ಅವರೇನ್ಮಾಡ್ತಾರೆ ಹೇಳು?”

ನನಗೆ ಉತ್ತರ ಗೊತ್ತಿತ್ತು. “ಇನ್ನೊಂದು ಚಿಟಿಕೆ ಹಾಕ್ತಾರೆ” ಎಂದೆ.

“ನಾನಂತೂ ಗುಂಪಲ್ಲಿ ಹೇಳಲ್ಲ” ಎಂದರು. “ಅದು ನಿಂದು.”

ಮೀನಿಗೆ ಒಂದೇ ಚಮಚ ಹಾಕಿ, ಏಣಿ ಇಳಿದು, ಕೀಲಿಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ತೆಗೆದುಕೊಳ್ಳಲೂ ಇಲ್ಲ, ನನ್ನ ಕಡೆ ತಳ್ಳಲೂ ಇಲ್ಲ. ಬಾಗಿಲಿನಿಂದ ತಿರುಗಿ ನೋಡಿದಾಗ ಅದು ಅಲ್ಲೇ ಇತ್ತು.

ಏಪ್ರಿಲ್ 2, ಗುರುವಾರ

ಎರಡು ದಿನದಿಂದ ಫೋನಿನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ. ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ಹಾಗೇ ಅಲ್ಲಿಗೆ ಹಾಕುತ್ತೇನೆ. ಅತ್ತಿಗೆಗೆ ಓದಿಸಿಲ್ಲ. ಓದಿಸಿದರೆ “ಇಷ್ಟೆಲ್ಲ ಯಾಕೆ” ಎಂದು ಅರ್ಧ ಹೊಡೆದು ಹಾಕುತ್ತಾಳೆ.

ಎಲ್ಲರಿಗೂ ನಮಸ್ಕಾರ. ಪಿನ್ ಮಾಡಿರುವ ನನ್ನ ಫೋಟೋಗಳನ್ನು ನಂಬಬೇಡಿ. ಒಂದು ಚಿಟಿಕೆ ಎಂದು ಒಪ್ಪಿಕೊಂಡು ನಾನು ಎರಡು ಹಾಕಿದೆ, ಆಮೇಲೆ ಮೂರು. ನೀರು ಬದಲಾಯಿಸಲಿಲ್ಲ. ಬಟ್ಟಲಿನ ಕಪ್ಪು ನನ್ನ ಸ್ಕಿಮ್ಮರಿನ ಶಕ್ತಿಯಲ್ಲ, ನನ್ನ ನೀರಿನ ಕೊಳಕು. ಬಾಟ್ಲಿ ರಾಣಿಯ ಬಟ್ಟಲು ತಿಳಿಯಾಗಿದ್ದದ್ದು ಅವಳ ನೀರು ತಿಳಿಯಾಗಿದ್ದಕ್ಕೆ. ನನ್ನ ಗೋಬಿ ಸತ್ತಿತು. ಉಳಿದ ಎರಡನ್ನು ಉಳಿಸಿದವಳು ಅವಳು, ತನ್ನ ತೊಟ್ಟಿಯ ನೀರು ಕೊಟ್ಟು, ತನ್ನ ಸ್ಕಿಮ್ಮರ್ ಕಿತ್ತು ತಂದು.

ಈಗ ನಿಜವಾದ ಹೋಲಿಕೆ. ಒಂದೇ ತೊಟ್ಟಿಯಲ್ಲಿ ಎರಡೂ ನಾಲ್ಕು ದಿನ ಓಡಿವೆ. ನೊರೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಕಂಪನಿಯದ್ದು ಒಮ್ಮೆ ಹೊಂದಿಸಿದರೆ ಸುಮ್ಮನೆ ಓಡುತ್ತದೆ, ಆದರೆ ಗುಂಯ್ ಅನ್ನುತ್ತದೆ, ಮುಳ್ಳುಚಕ್ರಕ್ಕೆ ಉಪ್ಪು ಕಟ್ಟಿದರೆ ಬಿಚ್ಚಿ ತೊಳೆಯಬೇಕು. ಬಾಟಲಿಯದ್ದು ಸದ್ದಿಲ್ಲ, ಆದರೆ ಮರದ ತುಂಡನ್ನು ಮೂರು ವಾರಕ್ಕೊಮ್ಮೆ ಬದಲಾಯಿಸಬೇಕು, ನೀರಿನ ಮಟ್ಟ ಒಂದು ಬೆರಳು ಇಳಿದರೂ ಮುನಿಸಿಕೊಳ್ಳುತ್ತದೆ. ಕ್ಲಿನಿಕ್ಕಿಗೆ ಯಾವುದು ಎನ್ನುವುದನ್ನು ಡಾಕ್ಟ್ರು ನನ್ನ ಫೋಟೋ ಮರೆತು ಯೋಚಿಸಲಿ. ಆ ಆರು ಜನ ದಯವಿಟ್ಟು ಒಂದು ವಾರ ತಡೆಯಿರಿ.

ಕೀಲಿಯನ್ನು ಬಾಟ್ಲಿ ರಾಣಿಗೆ ಕೊಡಿ. ಇದನ್ನು ಬರೆಯುವಾಗ ನನ್ನ ಹೊಟ್ಟೆ ಧಗಧಗ ಉರಿಯುತ್ತಿದೆ, ಅದೂ ನಿಮಗೆ ಗೊತ್ತಿರಲಿ. ಅವಳು ರಾತ್ರಿ ಪಾಳಿ ಮುಗಿಸಿ ಬಂದ ದಿನ ಬಕೆಟ್ಟು ಎತ್ತಲು ಜೊತೆಗೆ ನಾನು ಹೋಗುತ್ತೇನೆ, ಚಮಚ ಅವಳ ಕೈಯಲ್ಲೇ ಇರಲಿ.

ಇಷ್ಟು ನನ್ನದಾಯಿತು. ಈಗ ಲಿಫ್ಟ್ ಮಾವನಿಂದ ಶುರುಮಾಡಿ ಒಬ್ಬೊಬ್ಬರೇ ಹೇಳಿ: ಫೋಟೋ ಹಾಕುವ ಹಿಂದಿನ ದಿನ, ಬಟ್ಟಲು ಸ್ವಲ್ಪ ಕಪ್ಪಾಗಿ ಕಾಣಲಿ ಎಂದು ಒಂದು ಚಿಟಿಕೆ ಜಾಸ್ತಿ ಹಾಕದೇ ಇದ್ದವರು ಈ ಗುಂಪಿನಲ್ಲಿ ಯಾರಿದ್ದೀರಿ, ಕೈ ಎತ್ತಿ ನೋಡೋಣ?